ಕಲಬುರಗಿಯಿಂದ ಕಾನ್ಫರೆನ್ಸಿಗೆ: ಮೊದಲ ಸಲ ಹೊರಟ ಸಂಶೋಧಕರಿಗೆ

ಫೆಬ್ರವರಿ-ಮಾರ್ಚ್ ಬಂತೆಂದರೆ ನಮ್ಮ ಕಡೆಯ ಕಾಲೇಜು, ವಿಶ್ವವಿದ್ಯಾಲಯಗಳ ಗೇಟಿನ ಮುಂದೆ ಫ್ಲೆಕ್ಸ್‌ಗಳು ಏಳುತ್ತವೆ. ‘ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣ’. ಮಾರ್ಚ್ 31ರೊಳಗೆ ಅನುದಾನ ಖರ್ಚಾಗಬೇಕಲ್ಲ. ಉದ್ಘಾಟನೆ ಒಂದು ತಾಸು ತಡ. ಸ್ವಾಗತ ಭಾಷಣದಲ್ಲಿ ಬಸವಕಲ್ಯಾಣದ ಅನುಭವ ಮಂಟಪ ಬಂದೇ ಬರುತ್ತದೆ, ವಿಷಯ ನ್ಯಾನೋ ಕಣಗಳೇ ಆಗಿದ್ದರೂ. ಶಾಲು, ಹಾರ, ಊಟ. ಊಟವಾದ ಮೇಲೆ ಒಂದೂವರೆ ತಾಸಿನಲ್ಲಿ ಮೂವತ್ತು ಪೇಪರು. ಸಂಜೆ ಸರ್ಟಿಫಿಕೇಟು, ಬಸ್ಸು, ಮನೆ.

ನನ್ನ ಮೊದಲ ನಾಲ್ಕು ಕಾನ್ಫರೆನ್ಸುಗಳು ಹೀಗೇ ಮುಗಿದವು. ಅವುಗಳಿಂದ ಏನು ಕಲಿತೆ ಎಂದು ಕೇಳಿದರೆ ಊಟದಲ್ಲಿ ಏನೇನಿತ್ತು ಅನ್ನುವುದನ್ನಷ್ಟೇ ಹೇಳಬಲ್ಲೆ. ಐದನೆಯದು ಹೈದರಾಬಾದಿನಲ್ಲಿತ್ತು. ಮಣ್ಣಿನಿಂದ ಹತ್ತಿ ತೊಗರಿ ಗಿಡ ಒಣಗಿಸುವ ನೆಟೆ ರೋಗದ ಮೇಲೆ ನನ್ನ ಪೋಸ್ಟರು; ಅಂದರೆ ಸಂಶೋಧನೆಯನ್ನು ಒಂದು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ, ಹಲಗೆಗೆ ಅಂಟಿಸಿ, ಪಕ್ಕದಲ್ಲಿ ನಿಂತು ವಿವರಿಸುವುದು. ವಯಸ್ಸಾದ ಒಬ್ಬರು ಬಂದು ಎರಡು ನಿಮಿಷ ಓದಿ, ಹಿಂದಿಯಲ್ಲಿ ಕೇಳಿದರು: “ಮಣ್ಣು ಎಷ್ಟು ಆಳದಿಂದ ತೆಗೆದೆ, ಮಗಾ?” ಹದಿನೈದು ಸೆಂಟಿಮೀಟರ್ ಅಂದೆ. “ತೊಗರಿ ಬೇರು ಎಷ್ಟು ಆಳ ಹೋಗುತ್ತದೆ?” ನನಗೆ ಗೊತ್ತಿತ್ತು. ಕರಿ ಮಣ್ಣಿನಲ್ಲಿ ಒಂದು ಮೀಟರ್ ದಾಟುತ್ತದೆ. ರೈತನ ಮಗನಾಗಿ ಗೊತ್ತಿತ್ತು, ಸಂಶೋಧಕನಾಗಿ ಹೊಳೆದಿರಲಿಲ್ಲ. ಊರಿಗೆ ಬಂದು ಮೂರು ಆಳಗಳಲ್ಲಿ ಮತ್ತೆ ಮಣ್ಣು ತೆಗೆದೆ. ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯ ಆ ಎರಡು ಪ್ರಶ್ನೆಗಳಿಂದ ಹುಟ್ಟಿತು.

ನಮ್ಮ ಲ್ಯಾಬಿನಲ್ಲಿ ಯಾರೂ ಕೇಳದ ಪ್ರಶ್ನೆಯೊಂದನ್ನು ಹೊತ್ತು ತರಲಿಕ್ಕೆ ಕಾನ್ಫರೆನ್ಸಿಗೆ ಹೋಗಬೇಕು ಅನ್ನುವುದು ಅಂದಿನಿಂದ ನನ್ನ ಲೆಕ್ಕ. ಕೆಳಗಿನದೆಲ್ಲ ಆ ಲೆಕ್ಕದ ಮೇಲೆಯೇ ಬರೆದದ್ದು.

1. ಮೊದಲು ನಿಯಮ ಓದಿ

“ಎರಡು ಪೇಪರ್ ಪ್ರೆಸೆಂಟ್ ಮಾಡಲೇಬೇಕು, ಇಲ್ಲಾಂದ್ರ ಥೀಸಿಸ್ ತಗೊಳ್ಳೂದಿಲ್ಲ” ಎಂಬ ಮಾತು ಹಾಸ್ಟೆಲಿನಲ್ಲಿ ಈಗಲೂ ಓಡಾಡುತ್ತದೆ. ಅದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2016ರ ಪಿಎಚ್‌ಡಿ ನಿಯಮ: ಜರ್ನಲಿನಲ್ಲಿ ಒಂದು ಲೇಖನ, ಸಮ್ಮೇಳನಗಳಲ್ಲಿ ಎರಡು ಮಂಡನೆ. 2022ರ ನಿಯಮಾವಳಿಯಲ್ಲಿ ಈ ಕಡ್ಡಾಯವನ್ನು ಯುಜಿಸಿ ಕೈಬಿಟ್ಟಿತು. ಆದರೆ ವಿಶ್ವವಿದ್ಯಾಲಯ ತನ್ನದೇ ನಿಯಮದಲ್ಲಿ ಅದನ್ನು ಉಳಿಸಿಕೊಂಡಿರಬಹುದು. ಆದ್ದರಿಂದ ನೀವು ನೋಂದಣಿ ಮಾಡಿಸಿದ ವರ್ಷಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂದು ಪಿಎಚ್‌ಡಿ ವಿಭಾಗದಲ್ಲಿ ಕೇಳಿ, ಸುತ್ತೋಲೆಯ ಪ್ರತಿ ತೆಗೆದುಕೊಳ್ಳಿ. ಬಾಯಿಮಾತು ನಂಬಬೇಡಿ. ನಿಯಮಕ್ಕೆ ಬೇಕಾದ ಮಂಡನೆಗಳನ್ನು ಹತ್ತಿರದಲ್ಲೇ, ಕಡಿಮೆ ಖರ್ಚಿನಲ್ಲಿ ಮುಗಿಸಿ. ದುಡ್ಡು, ರಜೆ, ಹುಮ್ಮಸ್ಸು ಮೂರನ್ನೂ ವರ್ಷಕ್ಕೊಂದು ಒಳ್ಳೆಯ ಸಮ್ಮೇಳನಕ್ಕೆ ಉಳಿಸಿ.

2. ಯಾವುದು ಒಳ್ಳೆಯದು?

ನಿಮ್ಮ ಪ್ರಬಂಧದ ಪರಾಮರ್ಶನ ಪಟ್ಟಿ ತೆಗೆಯಿರಿ. ಅದರಲ್ಲಿ ಪದೇ ಪದೇ ಬರುವ, ಈಗಲೂ ಕೆಲಸ ಮಾಡುತ್ತಿರುವ ಐದು ಭಾರತೀಯ ವಿಜ್ಞಾನಿಗಳ ಹೆಸರು ಗುರುತು ಹಾಕಿ. ಕಳೆದ ಎರಡು ವರ್ಷ ಅವರು ಎಲ್ಲಿ ಮಾತಾಡಿದ್ದಾರೆ ಹುಡುಕಿ. ಆ ಸಮ್ಮೇಳನವೇ ನಿಮ್ಮದು. ಸಾಮಾನ್ಯವಾಗಿ ಅದು ಒಂದು ವಿಷಯದ ಸೊಸೈಟಿಯ, ಅಂದರೆ ವಿಜ್ಞಾನಿಗಳ ಸಂಘದ, ವಾರ್ಷಿಕ ಸಭೆ ಆಗಿರುತ್ತದೆ.

ಭೂಪಟ ನೋಡಿದರೆ ನಾವು ಅಷ್ಟೇನೂ ಮೂಲೆಯಲ್ಲಿಲ್ಲ. ಕಲಬುರಗಿಯಿಂದ ಹೈದರಾಬಾದು ಸುಮಾರು 220 ಕಿಲೋಮೀಟರ್, ಬೀದರಿನವರಿಗೆ ಇನ್ನೂ ಹತ್ತಿರ. ಅಲ್ಲಿ ಜೀವಕೋಶ ಸಂಶೋಧನೆಯ ಸಿಸಿಎಂಬಿ, ರಸಾಯನಶಾಸ್ತ್ರದ ಐಐಸಿಟಿ, ಕೇಂದ್ರೀಯ ವಿಶ್ವವಿದ್ಯಾಲಯ ಇವೆ. ಜಹೀರಾಬಾದ್ ದಾಟಿ ಹೋದರೆ ಪಟಾಂಚೆರುವಿನಲ್ಲಿ 1972ರಿಂದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇದೆ. ತೊಗರಿಯ ಜೀನೋಮ್ ಓದಿದ ತಂಡವನ್ನು ಮುನ್ನಡೆಸಿದ ಸಂಸ್ಥೆ ಅದು. ಪುಣೆಯ ಎನ್‌ಸಿಎಲ್ (ರಾಷ್ಟ್ರೀಯ ರಸಾಯನ ಪ್ರಯೋಗಾಲಯ), ಐಸರ್ (ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆ) ಇವುಗಳಿಗೆ ನೇರ ರೈಲು. ರಾಯಚೂರು, ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮನೆ ಬಾಗಿಲಲ್ಲೇ ಇದ್ದಂತೆ. ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಅಕಾಡೆಮಿಯ ವಾರ್ಷಿಕ ಸಮ್ಮೇಳನವನ್ನೂ ಗಮನದಲ್ಲಿಡಿ. ಬೆಂಗಳೂರೊಂದೇ ವಿಜ್ಞಾನದ ಊರು ಎಂಬ ಭ್ರಮೆಯಲ್ಲಿ ನಾವು ಹೈದರಾಬಾದನ್ನು ಮದುವೆ ಜವಳಿಗೆ, ಆಸ್ಪತ್ರೆಗೆ ಮಾತ್ರ ಬಳಸುತ್ತೇವೆ.

ಇನ್ನು ಮೋಸದ ಮಾತು. ಒಂದು ಪೇಪರ್ ಪ್ರಕಟವಾಯಿತೆಂದರೆ ಸಾಕು, “ಮಾನ್ಯ ಡಾಕ್ಟರ್, ನಿಮ್ಮ ಅಮೋಘ ಸಂಶೋಧನೆ ನೋಡಿ ಬೆರಗಾದೆವು, ದುಬೈಗೆ ಮುಖ್ಯ ಭಾಷಣಕಾರರಾಗಿ ಬನ್ನಿ” ಎಂಬ ಇಮೇಲ್ ಬರುತ್ತದೆ. ಇನ್ನೂ ಪಿಎಚ್‌ಡಿ ಮುಗಿಯದವರನ್ನು ಡಾಕ್ಟರ್ ಎಂದು ಕರೆದಾಗ ಸಂತೋಷವಾಗುತ್ತದೆ, ನನಗೂ ಆಗಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಮೊಕದ್ದಮೆಯೊಂದರಲ್ಲಿ, ಹೈದರಾಬಾದ್ ಮೂಲದ ಪ್ರಕಾಶನ-ಸಮ್ಮೇಳನ ಕಂಪನಿಯೊಂದು 5 ಕೋಟಿ ಡಾಲರಿಗೂ ಹೆಚ್ಚು ಹಣ ಕಟ್ಟಬೇಕೆಂದು ಅಲ್ಲಿನ ನ್ಯಾಯಾಲಯ 2019ರಲ್ಲಿ ಆದೇಶಿಸಿತು. ಜರ್ನಲುಗಳ ಬಗ್ಗೆ ಸುಳ್ಳು ಹೇಳಿದ್ದು, ಒಪ್ಪಿಗೆಯಿಲ್ಲದೆ ಹೆಸರಾಂತ ವಿಜ್ಞಾನಿಗಳ ಹೆಸರನ್ನು ಸಮ್ಮೇಳನಗಳಿಗೆ ಬಳಸಿದ್ದು ಆರೋಪಗಳಲ್ಲಿದ್ದವು.

ಅದನ್ನೇ ಪರೀಕ್ಷೆಯಾಗಿ ಬಳಸಿ: ಭಾಷಣಕಾರರ ಪಟ್ಟಿಯಲ್ಲಿರುವ ಒಬ್ಬರಿಗೆ, ಅವರ ಸಂಸ್ಥೆಯ ವಿಳಾಸಕ್ಕೆ, ಎರಡು ಸಾಲು ಬರೆದು ‘ನೀವು ನಿಜವಾಗಿ ಹೋಗುತ್ತಿದ್ದೀರಾ’ ಎಂದು ಕೇಳಿ. ನನಗೆ ಒಮ್ಮೆ ‘ಇದು ಯಾವ ಸಮ್ಮೇಳನ?’ ಎಂದು ಮರುಪ್ರಶ್ನೆ ಬಂದಿತ್ತು. ಅಲ್ಲಿಗೆ ಮುಗಿಯಿತು. ಒಂದೇ ಹೋಟೆಲಿನಲ್ಲಿ ಒಂದೇ ದಿನ ದಂತವೈದ್ಯ, ಉಪಗ್ರಹ, ಎರೆಹುಳು ಗೊಬ್ಬರ ಎಲ್ಲಾ ಇದ್ದರೆ, ಅಬ್‌ಸ್ಟ್ರ್ಯಾಕ್ಟ್ (ಸಂಶೋಧನೆಯ ಸಾರಾಂಶ) ಕಳಿಸಿದ ಮರುದಿನವೇ ‘ಅಂಗೀಕೃತ’ ಎಂದು ಬಂದರೆ, ನೋಂದಣಿ ಶುಲ್ಕ ಯಾರದೋ ಸ್ವಂತ ಫೋನ್‌ಪೇಗೆ ಹೋಗುವುದಿದ್ದರೆ, ಬಿಟ್ಟುಬಿಡಿ. ‘ಥಿಂಕ್ ಚೆಕ್ ಅಟೆಂಡ್’ ಎಂಬ ತಪಾಸಣಾ ಪಟ್ಟಿಯೂ ಇದೆ; ಹತ್ತು ನಿಮಿಷದ ಕೆಲಸ.

3. ಅಬ್‌ಸ್ಟ್ರ್ಯಾಕ್ಟ್

ಇನ್ನೂರೈವತ್ತು ಪದ ಅಂದರೆ ಇನ್ನೂರೈವತ್ತೇ. ಅರ್ಧ ಜಾಗವನ್ನು ‘ತೊಗರಿ ಒಂದು ಮುಖ್ಯ ಬೆಳೆ’ ಎಂಬಲ್ಲಿ ಕಳೆಯಬೇಡಿ, ಓದುವವರಿಗೆ ಅದು ಗೊತ್ತು. ಸಂಖ್ಯೆ ಕೊಡಿ: ಎಷ್ಟು ಹೊಲ, ಎಷ್ಟು ಮಾದರಿ, ಏನು ಕಂಡಿತು. ‘ಫಲಿತಾಂಶ ಚರ್ಚಿಸಲಾಗುವುದು’ ಎಂದು ಮುಗಿಸಿದರೆ ನಿಮ್ಮ ಬಳಿ ಫಲಿತಾಂಶ ಇಲ್ಲವೆಂದೇ ಓದಿಕೊಳ್ಳುತ್ತಾರೆ. ಗೈಡ್ ಸರ್‌ಗೋ ಮೇಡಂಗೋ ಕೊನೆಯ ದಿನಾಂಕಕ್ಕೆ ಹದಿನೈದು ದಿನ ಮೊದಲು ಕೊಡಿ. ಅವರೂ ಪರೀಕ್ಷಾ ಕೆಲಸದಲ್ಲಿ ಮುಳುಗಿರುತ್ತಾರೆ. ಲೇಖಕರ ಹೆಸರುಗಳು ಯಾವ ಕ್ರಮದಲ್ಲಿ ಬರಬೇಕು ಎಂಬುದನ್ನು ಆಗಲೇ, ಬಾಯಿಬಿಟ್ಟು ಕೇಳಿ ಇತ್ಯರ್ಥ ಮಾಡಿಕೊಳ್ಳಿ.

‘ಮೌಖಿಕವೋ ಪೋಸ್ಟರೋ’ ಎಂದು ಕೇಳಿದರೆ ಮೊದಲ ಸಲದವರಿಗೆ ನಾನು ಪೋಸ್ಟರ್ ಅನ್ನುತ್ತೇನೆ. ಮಾತಾಡಿದರೆ ಹನ್ನೆರಡು ನಿಮಿಷ, ಒಂದೋ ಎರಡೋ ಪ್ರಶ್ನೆ. ಪೋಸ್ಟರಿನ ಮುಂದೆ ಎರಡು ತಾಸು. ನಮ್ಮಲ್ಲಿ ಪೋಸ್ಟರನ್ನು ಎರಡನೇ ದರ್ಜೆ ಎಂದು ನೋಡುವ ಚಾಳಿ ಇದೆ, ಅದು ಅಂಕದ ಪಟ್ಟಿ ಕಲಿಸಿದ ಚಾಳಿ.

4. ದುಡ್ಡು

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಇದ್ದವರಿಗೆ ತಿಂಗಳಿಗೆ 37,000 ರೂಪಾಯಿ, ಮೇಲೆ ಕಂಟಿಂಜೆನ್ಸಿ, ಅಂದರೆ ಇತರೆ ಖರ್ಚಿನ ಹಣ. ಅದರಲ್ಲಿ ನೋಂದಣಿ, ಪ್ರಯಾಣದ ಯಾವ ಖರ್ಚು ಹಾಕಬಹುದು ಎಂದು ನಿಮ್ಮ ವಿಭಾಗದ ಗುಮಾಸ್ತರನ್ನೇ ಕೇಳಿ. ಅಧ್ಯಾಪಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಫೆಲೋಶಿಪ್ ಇಲ್ಲದೆ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾ ಸಂಶೋಧನೆ ಮಾಡುವವರೇ ನಮ್ಮಲ್ಲಿ ಹೆಚ್ಚು. ಅವರಿಗೆ ದಾರಿ ಎರಡು. ಸೊಸೈಟಿಗೆ ವಿದ್ಯಾರ್ಥಿ ಸದಸ್ಯರಾಗಿ. ಸದಸ್ಯತ್ವ ಮತ್ತು ಸದಸ್ಯರ ನೋಂದಣಿ ಸೇರಿಸಿದರೂ ಹೊರಗಿನವರ ಶುಲ್ಕಕ್ಕಿಂತ ಕಡಿಮೆ ಬೀಳುವುದುಂಟು. ಎರಡನೆಯದು, ಸಂಘಟನಾ ಕಾರ್ಯದರ್ಶಿಗೆ ನೇರ ಪತ್ರ: ‘ನನ್ನ ಅಬ್‌ಸ್ಟ್ರ್ಯಾಕ್ಟ್ ಒಪ್ಪಿದ್ದೀರಿ, ಫೆಲೋಶಿಪ್ ಇಲ್ಲ, ಶುಲ್ಕದಲ್ಲಿ ರಿಯಾಯಿತಿ ಅಥವಾ ಹಾಸ್ಟೆಲ್ ವಸತಿ ಸಾಧ್ಯವೇ?’ ಕೇಳುವುದಕ್ಕೆ ನಾಚಿಕೆ ಬೇಡ. ನಾನು ಮೂರು ಸಲ ಕೇಳಿದ್ದೇನೆ, ಎರಡು ಸಲ ಸಿಕ್ಕಿದೆ.

ವಿದೇಶಕ್ಕಾದರೆ ಕೇಂದ್ರ ಸರ್ಕಾರದ ಸಂಶೋಧನಾ ಅನುದಾನ ಸಂಸ್ಥೆ ಎಎನ್‌ಆರ್‌ಎಫ್ (ಮೊದಲಿನ ಎಸ್‌ಇಆರ್‌ಬಿ) ನಡೆಸುವ ಅಂತರರಾಷ್ಟ್ರೀಯ ಪ್ರಯಾಣ ನೆರವು, ಸಿಎಸ್‌ಐಆರ್‌ನ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ) ಪ್ರಯಾಣ ಅನುದಾನ, ಜೀವವಿಜ್ಞಾನದವರಿಗೆ ಡಿಬಿಟಿಯ (ಜೈವಿಕ ತಂತ್ರಜ್ಞಾನ ಇಲಾಖೆಯ) ಸಿಟೆಪ್ ಯೋಜನೆ ಇವೆ. ಎಲ್ಲಕ್ಕೂ ನಿಮ್ಮ ಹೆಸರಿನ ಅಂಗೀಕಾರ ಪತ್ರ ಮತ್ತು ಸಂಸ್ಥೆಯ ಮುಖ್ಯಸ್ಥರ ಸಹಿ ಕೇಳುತ್ತಾರೆ. ಸಹಿಯೇ ತಡ. ಕಡತ ವಿಭಾಗದಿಂದ ಕುಲಸಚಿವರ ಕಚೇರಿಗೆ ಹೋಗಿ ವಾಪಸು ಬರಲು ಎಷ್ಟು ದಿನ ಹಿಡಿಯುತ್ತದೆ ಎಂಬುದು ನಿಮಗೇ ಗೊತ್ತು. ಅದರ ಎರಡು ಪಟ್ಟು ಇಟ್ಟುಕೊಳ್ಳಿ. ಪಾಸ್‌ಪೋರ್ಟನ್ನು ಈಗಲೇ ಮಾಡಿಸಿ, ಅದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ, ಕಲಬುರಗಿಯಲ್ಲೇ ಸೇವಾ ಕೇಂದ್ರ ಇದೆ. ಯುರೋಪಿನ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು.

ಒಂದು ಎಚ್ಚರಿಕೆ. ಅನುದಾನಗಳು ಬಹುತೇಕ ಖರ್ಚಾದ ಮೇಲೆ ಬರುತ್ತವೆ. ಮೊದಲು ಕೈಯಿಂದ ಹಾಕಬೇಕು. ಸಾಲ ಮಾಡುವುದಾದರೆ ಅಣ್ಣನ ಹತ್ತಿರ, ಸೋದರಮಾವನ ಹತ್ತಿರ ಮಾಡಿ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ವಿಶ್ವವಿದ್ಯಾಲಯದ ಲೆಕ್ಕಪತ್ರ ಶಾಖೆಯ ವೇಗ ತಾಳುವುದಿಲ್ಲ.

5. ಪೋಸ್ಟರ್ ಮಾಡಿಸುವುದು

ಸಾಮಾನ್ಯ ಅಳತೆ ಎ0, ಅಂದರೆ 841 ಮಿಲಿಮೀಟರ್ ಅಗಲ, 1189 ಎತ್ತರ. ಉದ್ದಕ್ಕೆ ನಿಲ್ಲಬೇಕೋ ಅಡ್ಡಕ್ಕೋ ಎಂಬುದನ್ನು ಸೂಚನೆಯಲ್ಲಿ ಎರಡು ಸಲ ಓದಿ. ಅಡ್ಡ ಪೋಸ್ಟರ್ ತಂದು ಉದ್ದ ಹಲಗೆಗೆ ಅಂಟಿಸಿ, ಪಕ್ಕದವರ ಜಾಗಕ್ಕೆ ಚಾಚಿಕೊಂಡು ಎರಡು ದಿನ ಕ್ಷಮೆ ಕೇಳುತ್ತಾ ನಿಂತವರನ್ನು ನೋಡಿದ್ದೇನೆ.

ಪೋಸ್ಟರನ್ನು ಗೋಡೆಗೆ ಅಂಟಿಸಿದ ಪ್ರಬಂಧ ಮಾಡಬೇಡಿ. 2019ರಲ್ಲಿ ಮೈಕ್ ಮಾರಿಸನ್ ಎಂಬ ಅಮೆರಿಕದ ಸಂಶೋಧಕ, ಮುಖ್ಯ ಫಲಿತಾಂಶವನ್ನು ಒಂದೇ ಸರಳ ವಾಕ್ಯದಲ್ಲಿ ದೊಡ್ಡ ಅಕ್ಷರಗಳಲ್ಲಿ ನಡುವೆ ಹಾಕಿ, ಉಳಿದದ್ದನ್ನು ಪಕ್ಕಕ್ಕೆ ಸರಿಸುವ ವಿನ್ಯಾಸ ತೋರಿಸಿದ. ಅದನ್ನು ಹಾಗೇ ನಕಲು ಮಾಡಬೇಕಿಲ್ಲ, ಆದರೆ ಆ ಒಂದು ವಾಕ್ಯ ಮಾತ್ರ ಬೇಕೇ ಬೇಕು. ‘ಕಲಬುರಗಿ ಜಿಲ್ಲೆಯಲ್ಲಿ ನೆಟೆ ರೋಗದ ಕುರಿತು ಒಂದು ಅಧ್ಯಯನ’ ಎಂಬುದು ಶೀರ್ಷಿಕೆ ಅಷ್ಟೇ. ಏನು ಕಂಡಿರಿ ಎಂಬುದು ದೂರದಿಂದಲೇ ಓದಲು ಬರಬೇಕು. ಕೆಳಗಿನ ಅಕ್ಷರ 24 ಪಾಯಿಂಟಿಗಿಂತ ಸಣ್ಣದಾಗುವುದು ಬೇಡ. ಗ್ರಾಫಿನಲ್ಲಿ ಕೆಂಪು-ಹಸಿರು ಒಟ್ಟಿಗೆ ಬೇಡ, ಕೆಲವರಿಗೆ ಅವೆರಡೂ ಒಂದೇ ಬಣ್ಣ.

ಪ್ರಿಂಟ್ ಹಾಕಿಸಲು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದರೆ ಫ್ಲೆಕ್ಸ್ ಅಂಗಡಿಗಳಿಗೆ ಬರವಿಲ್ಲ. ಆದರೆ ಅವರ ದಿನದ ಕೆಲಸ ಹುಟ್ಟುಹಬ್ಬದ ಬ್ಯಾನರ್. ಇಪ್ಪತ್ತು ಅಡಿ ದೂರದಿಂದ ನೋಡುವ ಮುಖಕ್ಕೆ ಸಾಕಾಗುವ ಪ್ರಿಂಟು ನಿಮ್ಮ ಪಟ್ಟಿಯ ದಶಾಂಶಗಳಿಗೆ ಸಾಲದು. ಹೆಚ್ಚಿನ ರೆಸಲ್ಯೂಷನ್‌ನಲ್ಲಿ ಹಾಕಲು ಹೇಳಿ, ಮೊದಲು ಒಂದಡಿ ತುಂಡನ್ನು ಪ್ರಿಂಟ್ ಮಾಡಿಸಿ ನೋಡಿ. ಪಿಪಿಟಿ ಕೊಡಬೇಡಿ, ಪಿಡಿಎಫ್ ಕೊಡಿ. ಅದನ್ನು ಅಂಗಡಿಯ ಹುಡುಗ ಕೋರೆಲ್‌ಡ್ರಾದಲ್ಲಿ ತೆರೆದ ಮೇಲೆ ಪಕ್ಕದಲ್ಲೇ ಕೂತು ಪ್ರತಿ ಸಾಲು ನೋಡಿ. ನನ್ನದರಲ್ಲಿ ಮೈಕ್ರೋ ಚಿಹ್ನೆ ಇರಬೇಕಾದಲ್ಲೆಲ್ಲ ಖಾಲಿ ಚೌಕ ಬಂದಿತ್ತು. ಹೈದರಾಬಾದಿಗೆ ಹೋಗಿ ನೋಡಿಕೊಂಡೆ.

ಒಯ್ಯುವುದಕ್ಕೆ ಪೋಸ್ಟರ್ ಟ್ಯೂಬ್ ಹುಡುಕಬೇಡಿ. ಹೊಲದ ಪೈಪ್ ಮಾರುವ ಅಂಗಡಿಯಲ್ಲಿ ಮೂರು ಇಂಚಿನ ಪಿವಿಸಿ ಪೈಪು, ಎರಡು ಮುಚ್ಚಳ. ರೈಲಿನಲ್ಲಿ ಯಾರು ತುಳಿದರೂ ಏನೂ ಆಗುವುದಿಲ್ಲ. ವಿಮಾನಕ್ಕಾದರೆ ಮಡಚಿ ಚೀಲದಲ್ಲಿಡಬಹುದಾದ ಬಟ್ಟೆಯ ಪೋಸ್ಟರ್ ಒಳ್ಳೆಯದು.

6. ಪ್ರಯಾಣ

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಬೆಂಗಳೂರಿಗೆ ಉದ್ಯಾನ್, ಬಸವ ಎಕ್ಸ್‌ಪ್ರೆಸ್‌ಗಳು. ಯಾದಗಿರಿಯವರಿಗೂ ಉದ್ಯಾನ್ ನಿಲ್ಲುತ್ತದೆ. 2024ರ ಮಾರ್ಚಿನಿಂದ ಕಲಬುರಗಿ-ಬೆಂಗಳೂರು ವಂದೇ ಭಾರತ್ ಕೂಡ ಇದೆ, ಆದರೆ ಇಳಿಯುವುದು ಬೈಯಪ್ಪನಹಳ್ಳಿ ಟರ್ಮಿನಲ್ ಎಂಬುದು ನೆನಪಿರಲಿ. ಕಲಬುರಗಿ, ಬೀದರ್ ಎರಡರಲ್ಲೂ ವಿಮಾನ ನಿಲ್ದಾಣ ಇದೆ, ಹಾರಾಟದ ಮೇಲೆ ಭರವಸೆ ಇಟ್ಟು ಯೋಜನೆ ಹಾಕಬೇಡಿ.

ಒಂದು ದಿನ ಮೊದಲು ತಲುಪಿ. ರಾತ್ರಿಯಿಡೀ ರೈಲಿನಲ್ಲಿ ಬಂದು ಪ್ಲಾಟ್‌ಫಾರ್ಮಿನಲ್ಲೇ ಮುಖ ತೊಳೆದು ನೇರ ಮಂಡನೆಗೆ ನಿಂತರೆ ಪ್ರಶ್ನೆ ಕಿವಿಗೆ ಬೀಳುವುದಿಲ್ಲ. ಹೆಣ್ಣುಮಕ್ಕಳು ವಸತಿ ಎಲ್ಲಿ, ನಿಲ್ದಾಣದಿಂದ ಹೇಗೆ, ಸಂಘಟಕರಲ್ಲಿ ಯಾರ ನಂಬರು ಎಂಬುದನ್ನು ಹೊರಡುವ ಮೊದಲೇ ಬರೆಸಿಕೊಳ್ಳಿ; ಅಲ್ಲಿ ಯಾರಾದರೂ ಹದ್ದು ಮೀರಿದರೆ ಆ ಸಂಸ್ಥೆಯ ಆಂತರಿಕ ದೂರು ಸಮಿತಿಗೆ ಹೇಳುವ ಹಕ್ಕು ಅತಿಥಿಗಳಿಗೂ ಇದೆ. ಡಿಸೆಂಬರಿನಲ್ಲಿ ಉತ್ತರಕ್ಕೆ ಹೋಗುವುದಾದರೆ ನಮ್ಮ ಕಡೆಯ ತೆಳು ಸ್ವೆಟರ್ ಲೆಕ್ಕಕ್ಕಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಮೂರು ದಿನಕ್ಕೆ ಕೆಡುವುದಿಲ್ಲ, ಪಕ್ಕದ ಹಾಸಿಗೆಯವರ ಪರಿಚಯವೂ ಆಗುತ್ತದೆ.

7. ಅಲ್ಲಿ ಏನು ಮಾಡಬೇಕು

ಕಾರ್ಯಕ್ರಮ ಪಟ್ಟಿ ಬಂದ ದಿನವೇ ಮೂವರ ಹೆಸರು ಗುರುತು ಹಾಕಿ. ಮೂವರೇ. ಅವರ ಒಂದೊಂದು ಪೇಪರ್ ಓದಿ, ಒಂದೊಂದು ಪ್ರಶ್ನೆ ಬರೆದುಕೊಳ್ಳಿ. ವಾರ ಮೊದಲು ಮೇಲ್ ಹಾಕಿ: ‘ನನ್ನ ಪೋಸ್ಟರ್ ಇಂತಹ ದಿನ ಇದೆ, ಐದು ನಿಮಿಷ ನೋಡುವಿರಾ?’ ಸೆಲ್ಫಿ ತೆಗೆಸಿಕೊಳ್ಳಲು ಹೋಗಿ ನಿಂತವರನ್ನು ಅವರು ಮರೆಯುತ್ತಾರೆ, ತಮ್ಮ ಪೇಪರಿನ ಎರಡನೇ ಪಟ್ಟಿಯ ಬಗ್ಗೆ ಕೇಳಿದವರನ್ನು ಮರೆಯುವುದಿಲ್ಲ.

ಇಂಗ್ಲಿಷಿನ ಅಂಜಿಕೆ ಬಗ್ಗೆ ಒಂದು ಮಾತು. ನಮ್ಮಲ್ಲಿ ಬಹಳಷ್ಟು ಜನ ಕನ್ನಡ ಮಾಧ್ಯಮದಿಂದ ಬಂದವರು. ವೇದಿಕೆ ಮೇಲೆ ನಾಲಿಗೆ ತಡವರಿಸುತ್ತದೆ. ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ ಬಾಯಿಪಾಠ ಮಾಡಿ. ನಡುವಿನದನ್ನು ಚಿತ್ರಗಳು ನಡೆಸುತ್ತವೆ. ಬೇರೆ ವಿಭಾಗದ ಗೆಳೆಯರ ಎದುರು, ಹಾಸ್ಟೆಲ್ ಕೋಣೆಯಲ್ಲಿ, ಗಡಿಯಾರ ಇಟ್ಟು ಮೂರು ಸಲ ಹೇಳಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ‘ಐ ಹ್ಯಾವ್ ನಾಟ್ ಟೆಸ್ಟೆಡ್ ದಟ್’ ಎಂದು ಹೇಳಿ ಬರೆದುಕೊಳ್ಳಿ. ಅದು ಸೋಲಲ್ಲ, ನೀವು ಬಂದದ್ದೇ ಅದಕ್ಕೆ.

ಇನ್ನೊಂದು ಕಡೆಯಿಂದ ನೋಡಿ. ಕಲಬುರಗಿ, ಬೀದರ್, ಯಾದಗಿರಿ, ಈ ನಮ್ಮ ಮೂರು ಜಿಲ್ಲೆಗಳ ಹುಡುಗ ಹುಡುಗಿಯರಿಗೆ ಕನ್ನಡದ ಜೊತೆ ದಖನಿ ಉರ್ದು ಬರುತ್ತದೆ, ಗಡಿಯಲ್ಲಿದ್ದರೆ ತೆಲುಗೋ ಮರಾಠಿಯೋ ಬರುತ್ತದೆ. ಹೈದರಾಬಾದು, ಪುಣೆಯ ಚಹಾ ವಿರಾಮದಲ್ಲಿ ಇಷ್ಟು ಭಾಷೆಯ ಬಂಡವಾಳ ಬೆಂಗಳೂರಿನ ಕಾನ್ವೆಂಟ್ ಹುಡುಗರಿಗೂ ಇಲ್ಲ. ಆ ಹಿರಿಯರು ನನ್ನನ್ನು ಕೇಳಿದ್ದು ಹಿಂದಿಯಲ್ಲಿ, ನಾನು ಉತ್ತರಿಸಿದ್ದು ನಮ್ಮ ಬಜಾರಿನ ದಖನಿಯಲ್ಲಿ. ಅವರು ನಕ್ಕು ಇನ್ನೂ ಹತ್ತು ನಿಮಿಷ ನಿಂತರು.

ಊಟದ ಸಾಲಿನಲ್ಲಿ ನಮ್ಮ ಊರಿನವರೇ ಗುಂಪು ಕಟ್ಟಿ ನಿಲ್ಲುವುದನ್ನು ಬಿಡಿ. ಅದು ಬಹಳ ಕಷ್ಟ, ಆದರೂ ಒಂದು ಹೊತ್ತಾದರೂ ಬಿಡಿ. ಎಲ್ಲಾ ಗೋಷ್ಠಿಗಳಲ್ಲೂ ಕೂರಬೇಕಿಲ್ಲ. ದಣಿದಾಗ ಹೊರಗೆ ಬಂದು, ಕೇಳಿದ್ದನ್ನು ಕನ್ನಡದಲ್ಲೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸ್ಲೈಡುಗಳ ಫೋಟೋ ಹೊಡೆಯುವ ಮೊದಲು ಅನುಮತಿ ಇದೆಯೇ ನೋಡಿ.

8. ವಾಪಸು ಬಂದ ಮೇಲೆ

ಐದು ದಿನದೊಳಗೆ ಮೇಲ್. ‘ನಿಮ್ಮನ್ನು ಭೇಟಿಯಾಗಿ ಸಂತೋಷವಾಯಿತು’ ಮಾತ್ರ ಬರೆದರೆ ಉತ್ತರ ಬರುವುದಿಲ್ಲ. ‘ಆಳದ ಮಣ್ಣಿನ ಬಗ್ಗೆ ಕೇಳಿದಿರಲ್ಲ, ಮುಂದಿನ ಮುಂಗಾರಿನಲ್ಲಿ ಹೀಗೆ ತೆಗೆಯಬೇಕೆಂದಿದ್ದೇನೆ, ಸರಿಯೇ?’ ಎಂದರೆ ಬರುತ್ತದೆ.

ಬಿಲ್ಲುಗಳನ್ನು ಅದೇ ವಾರ ಸ್ಕ್ಯಾನ್ ಮಾಡಿ. ಹೋಟೆಲು, ಕ್ಯಾಬಿನವರು ಕೊಡುವ ಥರ್ಮಲ್ ಕಾಗದದ ಚೀಟಿ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಪಾಟಿನೊಳಗಿದ್ದರೂ ಬಿಳಿಯಾಗುತ್ತದೆ. ರೈಲಿನ ಟಿಕೆಟ್, ಬೋರ್ಡಿಂಗ್ ಪಾಸ್, ಹಾಜರಾತಿ ಪತ್ರ, ಶುಲ್ಕದ ರಸೀದಿ. ಎಲ್ಲದರ ಝೆರಾಕ್ಸ್ ನಿಮ್ಮ ಹತ್ತಿರ ಉಳಿಯಲಿ, ಕಡತ ಕಳೆದಾಗ ಅದೇ ಆಧಾರ.

ವಿಭಾಗದಲ್ಲಿ ಅರ್ಧ ತಾಸಿನ ವರದಿ ಕೊಡಿ, ಕಿರಿಯರನ್ನು ಕೂರಿಸಿಕೊಂಡು. ಸರ್ಟಿಫಿಕೇಟ್ ತೋರಿಸಬೇಡಿ, ಎತ್ತಿಕೊಂಡು ಬಂದ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆಯಿರಿ.

ಪೋಸ್ಟರನ್ನು ವರ್ಷವಿಡೀ ಕಾರಿಡಾರಿನಲ್ಲಿ ತೂಗುಹಾಕಬಹುದು. ಆಮೇಲೂ ಅದಕ್ಕೆ ಬಾಳಿಕೆ ಇದೆ. ಖಾಲಿ ಚೌಕಗಳ ನನ್ನ ಆ ಫ್ಲೆಕ್ಸು ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ತೊಗರಿ ರಾಶಿಗೆ ಮುಚ್ಚಲು ಹೋಯಿತು. ಅಕಾಲ ಮಳೆ ಬಂದ ರಾತ್ರಿ ಅಪ್ಪ ಅದನ್ನು ಎಳೆದು ಹೊದಿಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಬಂದು ಅಂದರು: “ನಿನ್ನ ಪೇಪರ್ ಭಾರೀ ಗಟ್ಟಿ ಅದ ನೋಡಪ್ಪ, ಒಂದು ಹನಿ ಒಳಗ ಬಿಟ್ಟಿಲ್ಲ.”